ಮೀನಿಗೆ ಬಡಿಸಿದ ಮೇಲೆ

ನಮ್ಮ ಸೋದರಮಾವನ ಬಗ್ಗೆ ಒಂದು ಮಾತು ಹೇಳಿದರೆ ನೀವು ನಂಬುವುದಿಲ್ಲ. ಮೂವತ್ತು ವರ್ಷ ಕಬಿನಿಯ ಮೀನನ್ನು ತಲೆ ಬಾಲ ಬಿಡದೆ ತಿಂದ ಈ ಮನುಷ್ಯ, ಈಗ ಮೀನಿಗೆ ಬಡಿಸದೆ ತಾನು ತಟ್ಟೆಯ ಮುಂದೆ ಕೂರುವುದಿಲ್ಲ. "ತಿಂದ ಋಣ ತೀರಿಸ್ತಾವ್ನೆ, ತೀರಿಸ್ಲಿ ಬುಡು" ಎಂದು ಅಂತರಸಂತೆಯ ನಮ್ಮ ದೊಡ್ಡಮ್ಮ ತೀರ್ಪು ಕೊಟ್ಟಾಗಿದೆ.

ಮಾವ ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿದ್ದವರು. ನಿವೃತ್ತರಾಗಿ ಹುಣಸೂರಿನಲ್ಲೊಂದು ಬಾಡಿಗೆ ಮನೆ ಹಿಡಿದಿದ್ದಾರೆ. ನಾನು ಪಿರಿಯಾಪಟ್ಟಣದ ಶಾಲೆಯಲ್ಲಿ ಮೇಡಂ ಆಗಿರುವುದರಿಂದ ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತೇನೆ. ಹಾಗೆ ಒಂದು ಭಾನುವಾರ ಹೋದಾಗ ನಡುಮನೆಯಲ್ಲಿ, ಟೀವಿಗೂ ದೇವರ ಪಟಕ್ಕೂ ಮಧ್ಯೆ, ಒಂದು ಗಾಜಿನ ತೊಟ್ಟಿ ಬಂದು ಕೂತಿತ್ತು. ಒಳಗೆ ಆರು ಬಂಗಾರದ ಬಣ್ಣದ ಮೀನು.

ತೊಟ್ಟಿಯ ಜೊತೆಗೆ ಅಂಗಡಿಯವನು ಮೀನಿನ ಆಹಾರದ ಒಂದು ಡಬ್ಬಿಯನ್ನೂ ಕೊಟ್ಟಿದ್ದ. ಮಾವ ಮುಚ್ಚಳ ತೆಗೆದು ಮೂಸಿದರು. ಒಂದು ಕಾಳು ನಾಲಿಗೆಯ ಮೇಲೆ ಇಟ್ಟುಕೊಂಡರು. ಮುಚ್ಚಳ ಹಾಕಿದರು.

"ದಿನಾ ಇದ್ನೇ ತಿನ್ನು ಅಂದ್ರೆ ಯಾವ ಜೀವ ತಿಂದಾತು ಮಗ? ನಮ್ಮನೇಲಿ ಅವ್ರೆ, ನಮ್ಮನೆ ಊಟ ಉಣ್ಲಿ."

ನಮ್ಮ ಮನೆಯ ಊಟ ಎಂದರೆ ಇನ್ನೇನು? ನಿಂಬೆಹಣ್ಣು ಗಾತ್ರದ ರಾಗಿಮುದ್ದೆ ಮಾಡಿ ತೊಟ್ಟಿಗೆ ಬಿಟ್ಟರು. ಸಾರು ಬಿಡಲಿಲ್ಲ, ಅಷ್ಟು ವಿವೇಕ ಇತ್ತು. ಬೆಳಗಾಗುವ ಹೊತ್ತಿಗೆ ತೊಟ್ಟಿ ತುಂಬ ಅಂಬಲಿ. ಎರಡು ಮೀನು ತೇಲುತ್ತಿದ್ದವು. ಮಾವ ಅವನ್ನು ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಗುಣಿ ತೋಡಿ ಮಣ್ಣು ಮಾಡಿದರು. ಮೂರನೆಯ ದಿನ ಲೋಟದಲ್ಲಿ ಹಾಲು ತಂದು ಆ ಗುಣಿಯ ಮೇಲೆ ಬಿಟ್ಟರು. ಅದನ್ನು ಕಿಟಕಿಯಿಂದ ನೋಡುತ್ತಿದ್ದ ಅತ್ತೆ, "ಏನ್ರೀ, ತಲೇನೂ ಬೋಳಿಸ್ಕತೀರಾ?" ಎಂದು ಕೇಳಿದರು. ಮಾವ ತಲೆ ಬೋಳಿಸಲಿಲ್ಲ. ಆದರೆ ಹನ್ನೊಂದು ದಿನ ಗಡ್ಡ ತೆಗೆಯಲಿಲ್ಲ, ಅದು ಸೋಮಾರಿತನ ಎಂದು ಅವರ ಸಮಜಾಯಿಷಿ.

ಆಮೇಲೆ ಅಂಗಡಿಯವನ ಹತ್ತಿರ ಹೋಗಿ ಕೂತು ವಿದ್ಯೆ ಕಲಿತು ಬಂದರು. ಏನು ಕೊಟ್ಟರೂ ಬೇಯಿಸಿಯೇ ಕೊಡಬೇಕು. ಸಿಪ್ಪೆ ಇರಕೂಡದು. ಉಪ್ಪು, ಎಣ್ಣೆ, ಒಗ್ಗರಣೆ ಸೋಕಕೂಡದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ಮಿಕ್ಕಿದ್ದನ್ನು ಕೂಡಲೇ ತೆಗೆಯಬೇಕು. ಮಾವ ಇದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದರು. ಸೋಮವಾರ ಬಟಾಣಿ, ಮಂಗಳವಾರ ಸೌತೆಕಾಯಿ, ಬುಧವಾರ ಪಾಲಕ್, ಗುರುವಾರ ಸಿಹಿಗುಂಬಳ, ಹೀಗೆ. ಭಾನುವಾರ ಬೆಂದ ಮೊಟ್ಟೆಯ ಹಳದಿ, ಸಾಸಿವೆಯಷ್ಟು. ಶನಿವಾರ ಮಾತ್ರ ಮೊಟ್ಟೆ ಮನೆಯೊಳಕ್ಕೇ ಬರುವಂತಿಲ್ಲ, ಅದು ಮನೆದೇವರ ವಾರ.

"ಮಾವ, ಮೀನಿಗೂ ಶನಿವಾರವಾ?" ಎಂದೆ.

"ನಮ್ಮನೇಲಿರೋಗಂಟ ನಮ್ಮನೆ ನೇಮ ಕಣವ್ವ" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಅವರೆಕಾಯಿ ಕಾಲ ಬಂತು. ಮಾವ ಕಾಳು ನೆನೆಹಾಕಿ, ಜಗುಲಿಯ ಮೇಲೆ ಕೂತು, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಬೇಳೆ ತೆಗೆದು ರಾಶಿ ಹಾಕತೊಡಗಿದರು. ಆ ಹೊತ್ತಿಗೆ ಸರಿಯಾಗಿ ಬಂದಿಳಿದ ದೊಡ್ಡಮ್ಮ ನಿಂತಲ್ಲೇ ನಿಂತರು. "ಬೀಗರು ಬಂದಾಗ್ಲೂ ನಾನು ಹಿತುಕಿದ್ ಬೇಳೆ ಮಾಡ್ನಿಲ್ಲ ಕಣವ್ವ. ಇವ್ನು ಮೀನ್ಗೆ ಹಿತುಕ್ತಾವ್ನಲ್ಲ."

ನಗುವುದಕ್ಕೆ ಇವೆಲ್ಲ ಚೆನ್ನಾಗಿಯೇ ಇದ್ದವು. ಆದರೆ ನನಗೆ ಸಿಟ್ಟು ಬರುತ್ತಿತ್ತು. ಏಕೆಂದರೆ ಒಳಗಿನ ಕೋಣೆಯಲ್ಲಿ ಅತ್ತೆ ಊಟ ಬಿಟ್ಟು ಮಲಗಿದ್ದರು.

ಅತ್ತೆಗೆ ಗಂಟಲಿನ ಆಪರೇಷನ್ ಆಗಿತ್ತು. ಮೇಲೆ ಮೈಸೂರಿನಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದ್ದರು. ಒಂದೊಂದು ಗುಟುಕೂ ಕೆಂಡದಂತೆ ಇಳಿಯುತ್ತದೆ ಎನ್ನುತ್ತಿದ್ದರು. ಎರಡೆರಡು ಗಂಟೆಗೊಮ್ಮೆ ಮೆತ್ತಗೆ ಬೆಂದದ್ದೇನಾದರೂ ಒಳಗೆ ಹೋಗಲೇಬೇಕು, ತೂಕ ಇನ್ನೂ ಇಳಿದರೆ ಮೂಗಿನಿಂದ ನಳಿಗೆ ಹಾಕುತ್ತೇವೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ನಳಿಗೆಯ ಹೆಸರೆತ್ತಿದರೆ ಅತ್ತೆಯ ಕಣ್ಣಲ್ಲಿ ನೀರು. ಆದರೂ ಉಣ್ಣಲೊಲ್ಲರು. ಜೀವಮಾನದಲ್ಲಿ ಮನೆಯವರಿಗಿಂತ ಮುಂಚೆ ತುತ್ತೆತ್ತದ ಹೆಂಗಸು ಅವರು. ಗಂಡ ಉಂಡು, ಬಂದವರು ಉಂಡು, ಕೊಟ್ಟಿಗೆಯ ದನಕ್ಕೆ ಕಲಗಚ್ಚು ಇಟ್ಟು, ಕೊನೆಗೆ ತಳದಲ್ಲಿ ಮಿಕ್ಕಿದ್ದನ್ನು ಬಳಿದುಕೊಂಡು ಒಲೆಯ ಮುಂದೆ ಕೂರುತ್ತಿದ್ದರು. ಅಂಥವರಿಗೆ ಬೆಳಿಗ್ಗೆ ಹತ್ತು ಗಂಟೆಗೆ, ಒಬ್ಬರೇ, ತಮಗೆಂದೇ ಮಾಡಿದ್ದನ್ನು ತಿನ್ನಿ ಎಂದರೆ? "ಮನೇಲಿ ಯಾರೂ ಉಣ್ಣದೆ ನಂದೇನು ಉಣ್ಣದು" ಎಂದು ಗೋಡೆಗೆ ತಿರುಗುತ್ತಿದ್ದರು. ಗಂಟಲಿನ ನೋವಿಗೂ ಆ ಮಾತು ಒಳ್ಳೆಯ ನೆಪವಾಗಿತ್ತು.

ಮಾವ ಮೊದಲು ತಾವೇ ಎರಡೆರಡು ಗಂಟೆಗೊಮ್ಮೆ ಉಂಡು ನೋಡಿದರಂತೆ. ಅವರಿಗೆ ಶುಗರ್ ಇದೆ. ಒಂಬತ್ತನೆಯ ದಿನ ತಲೆ ಸುತ್ತಿ ಬಿದ್ದರು. ಡಾಕ್ಟರು ಉಣ್ಣದ ಹೆಂಡತಿಯನ್ನೂ ಉಂಡ ಗಂಡನನ್ನೂ ಒಟ್ಟಿಗೆ ಕೂರಿಸಿ ಬೈದು ಕಳಿಸಿದರು.

ಅದಾದ ವಾರಕ್ಕೇ ತೊಟ್ಟಿ ಬಂದದ್ದು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಂದು ದಿನ ಬಾಯಿ ಬಿಟ್ಟೆ. "ಅತ್ತೆಗೆ ಗಂಜಿ ಇಳೀತಿಲ್ಲ, ನೀವು ಮೀನಿಗೆ ಬಟಾಣಿ ಸುಲೀತಾ ಕೂತಿದ್ದೀರಲ್ಲ ಮಾವ. ನಾಲ್ಕು ಮೀನಿಗೆ ಒಂದು ಕಾಳು ಸಾಕು. ಇಲ್ಲಿ ಪಾವು ಬಟಾಣಿ ಬೇಯ್ತಾ ಇದೆ. ಮಿಕ್ಕಿದ್ದನ್ನ ಯಾರು ತಿಂತಾರೆ?"

ಮಾವ ಒಂದು ಬಟಾಣಿಯನ್ನು ಚಾಕುವಿನಿಂದ ಹೆಚ್ಚಿ ತೊಟ್ಟಿಗೆ ಹಾಕಿದರು. ಗಡಿಯಾರ ನೋಡುತ್ತ ಎರಡು ನಿಮಿಷ ನಿಂತರು. "ಉಂಡ್ವು ಕಣಮ್ಮಿ" ಎಂದು ಕೋಣೆಯ ಕಡೆಗೆ ಕೂಗಿದರು. ಮಿಕ್ಕ ಬಟಾಣಿಯನ್ನು ನುಣ್ಣಗೆ ಕಿವುಚಿ, ಒಂದು ಹರಳು ಉಪ್ಪು, ಒಂದು ಚಮಚ ತುಪ್ಪ ಹಾಕಿ, ಬಟ್ಟಲು ಹಿಡಿದು ಒಳಗೆ ಹೋದರು.

"ಮೀನು ಬುಟ್ಟದ್ದು. ಬಿಸಾಕ್ಬುಡ್ಲಾ?"

ಅನ್ನ ಬಿಸಾಡುವುದೇ? ಅತ್ತೆ ಎದ್ದು ಕೂತರು. ಮನೆಯಲ್ಲಿ ಮೀನಾದರೂ ಮೊದಲು ಉಂಡಾಗಿತ್ತು. ತಳದಲ್ಲಿ ಮಿಕ್ಕಿತ್ತು. ಇನ್ನು ಬೇಡ ಎನ್ನುವುದಕ್ಕೆ ಅವರ ಹತ್ತಿರ ಯಾವ ನೆಪವೂ ಉಳಿದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದೇ ಚಮಚ ನುಂಗಿದರು. ದಿನಕ್ಕೆ ಐದು ಸಲ ಇದೇ. ಬಾಗಿಲಲ್ಲಿ ನಿಂತಿದ್ದ ನನಗೆ ನಾಚಿಕೆಯಾಯಿತು. ಆ ತಿಂಗಳು ತೂಕ ಅರ್ಧ ಕೇಜಿ ಏರಿತು. ಡಾಕ್ಟರು ನಳಿಗೆಯ ಮಾತನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು.

ಆ ತಿಂಗಳು ಮುಗಿಯುವ ಹಿಂದಿನ ದಿನ, ಭಾನುವಾರ, ನಾನು ಮಧ್ಯಾಹ್ನ ಹೋದೆ. ತೊಟ್ಟಿಯಲ್ಲಿ ಮೀನಿರಲಿಲ್ಲ. ನೀರು ಮಾತ್ರ ಇತ್ತು. ಮಾವ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಹಿತ್ತಲಿಗೆ ಕರೆದೊಯ್ದರು.

"ಬುಧವಾರ ಮಳೇಲಿ ಲೈನು ಹೋಗಿದ್ದು ಮಾರ್ನೇ ದಿನ ಸಂಜ್ಗೆ ಬಂದದ್ದು ಮಗ. ಗಾಳಿ ಪಂಪು ನಿಂತೋಯ್ತು. ನಾಕೂ ಹೋದ್ವು. ಅಂಗಡಿಯೋನು ಮಂಗಳವಾರ ಬೇರೆ ತರಿಸ್ತೀನಿ ಅಂದವ್ನೆ. ನಾಳಿಕೆ ತೂಕ ನೋಡ್ತಾರೆ. ನಿಮ್ಮತ್ತೆಗೆ ಗೊತ್ತಾಗ್ಬಾರ್ದು."

ಒಳಗೆ ಬಂದು, ಬೆಂದ ಮೊಟ್ಟೆಯ ಹಳದಿಯನ್ನು ಸಾಸಿವೆಯಷ್ಟು ಚಿವುಟಿ ಬರಿಯ ನೀರಿಗೆ ಹಾಕಿದರು. ಗಡಿಯಾರ ನೋಡುತ್ತ ಪೂರ್ತಿ ಎರಡು ನಿಮಿಷ ನಿಂತರು. ಒಂದು ನಿಮಿಷಕ್ಕೇ ಕೂಗಿದ್ದರೆ ಯಾಕೆಂದು ಕೇಳುವವರು ಯಾರಿದ್ದರು?

"ಉಂಡ್ವು ಕಣಮ್ಮಿ."

ಮಿಕ್ಕ ಹಳದಿಯನ್ನು ಕಿವುಚಿದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅತ್ತೆ ಎದ್ದು ಕೂತು ಚಮಚ ತೆಗೆದುಕೊಂಡರು. ಅರ್ಧ ಮುಗಿಸಿ, ಉಸಿರು ತೆಗೆದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು.

"ಮೀನು ಗುರುವಾರಾನೇ ಹೋದ್ವು ಕಣವ್ವ."

ನಾನು ನಡುಮನೆಯ ಕಡೆ ತಿರುಗಿ ನೋಡಿದೆ.

"ಇಡೀ ದಿನ ಗುಳುಗುಳು ಅನ್ನೋ ಪಂಪು ಸುಮ್ಕಾದ್ರೆ ಗೊತ್ತಾಗಕಿಲ್ವಾ? ಆಮೇಲೆ ಕರಿಬೇವಿನ ಬುಡ ಅಗೀತಿದ್ರು. ಈ ಕಿಟಕೀಲಿ ಕಾಣ್ತದೆ." ಇನ್ನೊಂದು ಚಮಚ ನುಂಗಿದರು. ನೋವಿಗೆ ಕಣ್ಣು ತುಂಬಿತು. "ಬಾಯ್ಬುಟ್ಟೀಯ ಮತ್ತೆ. ನಾನು ಉಂಡೆ ಅಂದ್ರೇನೇ ಅವ್ರು ಉಣ್ಣದು. ಶುಗರ್ ಇರೋ ಮನುಷ್ಯ, ಹೊತ್ತಿಗೆ ಸರ್ಯಾಗಿ ಉಣ್ಬೇಕು."

ಬಟ್ಟಲನ್ನು ಬೆರಳಿನಿಂದ ಬಳಿದು ಮುಗಿಸಿ ನನಗೆ ಕೊಟ್ಟರು.

ನಡುಮನೆಯಲ್ಲಿ ಮಾವ ಟೀ ಸೋಸುವ ಜಾಲರಿ ಹಿಡಿದು ತೊಟ್ಟಿಯ ಮೇಲೆ ಬಾಗಿದ್ದರು. ಮೊಟ್ಟೆಯ ಚೂರುಗಳನ್ನು ಒಂದೂ ಬಿಡದೆ ತೆಗೆಯುತ್ತಿದ್ದರು, ನೀರು ಕೆಡಬಾರದಲ್ಲ. ಪಕ್ಕದಲ್ಲಿ ಅವರ ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಗಿತ್ತು.

"ಉಂಡ್ಲಾ?" ಎಂದರು, ತಲೆ ಎತ್ತದೆ.

"ಉಂಡ್ರು ಮಾವ" ಎಂದು ಖಾಲಿ ಬಟ್ಟಲು ತೋರಿಸಿದೆ.

ಮಾವ ಜಾಲರಿಯನ್ನು ಕೆಳಗಿಟ್ಟರು. ಕೈ ತೊಳೆದು ಬಂದು, ತಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.