ತೊಲೆಗೇರುವ ಹಲಗೆ

"ಆ ಚಕ್ರ ಮೊದಲು ನಿನ್ನ ಕೈಗೇ ಬಂದಿತ್ತಲ್ಲೋ ವಿಬ್ರೆನ್," ಎಂದಳು ಹಿಸ್ಕೆ ಚಿಕ್ಕಮ್ಮ, ಮಸಾಲೆ ಕೇಕನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುತ್ತ. "ಪಾಪ, ನೀನೇ ಬಿಟ್ಟುಕೊಟ್ಟೆ."

ಹಿಸ್ಕೆಯ ಕೈ ಕೇಕಿನ ವಿಷಯದಲ್ಲಿ ಬಿಗಿ, ಗಾಯಕ್ಕೆ ಉಪ್ಪು ಸವರುವುದರಲ್ಲಿ ಧಾರಾಳ. ವಿಬ್ರೆನ್ ನಕ್ಕ. ಬೇಯದ ಆಲೂಗಡ್ಡೆ ನುಂಗಿದವನ ನಗು ಅದು. ಎದುರಿಗೆ ಕೂತಿದ್ದ ಔಕೆ ಮಾತ್ರ ಏನೂ ಅರಿಯದವನಂತೆ ತನ್ನ ಪಾಲಿನ ಕೇಕಿಗೆ ಬೆಣ್ಣೆ ಹಚ್ಚುತ್ತಿದ್ದ.

ನಡೆದದ್ದು ಇಷ್ಟೆ. ವೆಸ್ಟರ್‌ಸೈಲ್ ಊರಿನ ಹಲಗೆ ಸಂಘದವರು ಚಳಿಗಾಲದಲ್ಲಿ ತಮ್ಮ ಸ್ಕೇಟ್‌ಬೋರ್ಡ್ ಹಲಗೆಗಳಿಗೆಂದು ಜರ್ಮನಿಯಿಂದ ಹೊಸ ಚಕ್ರ ತರಿಸಿದ್ದರು. ಒಬ್ಬೊಬ್ಬರೇ ತರಿಸಿದರೆ ಅಂಚೆ ಖರ್ಚು ಮೈಮೇಲೆ ಬರುತ್ತದೆಂದು ಎಲ್ಲರದ್ದೂ ಒಂದೇ ಪೆಟ್ಟಿಗೆ, ಒಂದೇ ಅಳತೆ, ಒಂದೇ ಕ್ಯಾರೆಟ್ ಬಣ್ಣ. ಇದೇ ಹಿಸ್ಕೆಯ ಕಾಫಿ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ವಿಬ್ರೆನ್ ನಾಲ್ಕು ಚಕ್ರಗಳ ಒಂದು ಪೊಟ್ಟಣದ ಮೇಲೆ ಕೈಯಿಟ್ಟ. ಅದೇ ಗಳಿಗೆಗೆ ಔಕೆಯ ದಪ್ಪ ಕೈಯೂ ಅದರ ಮೇಲೆ ಬಿತ್ತು. ಊರೆಲ್ಲ ನೋಡುತ್ತಿತ್ತು. ಮರ್ಯಾದಸ್ಥನಾದ ವಿಬ್ರೆನ್ "ನೀನೇ ತಗೋ ಮಾರಾಯ" ಎಂದುಬಿಟ್ಟ.

ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲ. ಒಂದೇ ದಿನ ಒಂದೇ ಹಾಲಿನಲ್ಲಿ ಹೆಪ್ಪಾದ ಚೀಸುಗಳಲ್ಲೂ ಒಂದು ಗಡ್ಡೆ ಹೆಚ್ಚು ರುಚಿಯಾಗುವುದಿಲ್ಲವೇ? ಚಕ್ರವೂ ಹಾಗೆಯೇ. ಆ ಪೆಟ್ಟಿಗೆಯ ಭಾಗ್ಯವೆಲ್ಲ ತಾನು ಬಿಟ್ಟುಕೊಟ್ಟ ಪೊಟ್ಟಣದಲ್ಲೇ ಇತ್ತೆಂದು ಅವನು ತೀರ್ಮಾನಿಸಿದ್ದ.

ಇವರ ಆಟದಲ್ಲಿ ಕಾಲು ನೆಲಕ್ಕೆ ತಾಗಿಸುವಂತಿಲ್ಲ. ಉದ್ದ ಹಲಗೆಯ ಮೇಲೆ ನಿಂತು, ಸೊಂಟ ತೂಗಿ, ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು ಒತ್ತುತ್ತ, ಹಾವು ಹರಿದಂತೆ ಮೈಲಿಗಟ್ಟಲೆ ಹರಿಯಬೇಕು. ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ಶನಿವಾರ, ಹಿಸ್ಕೆಯ ಅಂಗಡಿಯಿಂದ ಹೊರಟು ಕಡಲ ಏರಿಯ ಮೇಲೆ ಸಾಗಿ, ತೂಬಿನ ಬಳಿಯ ಕಬ್ಬಿಣದ ಕಂಬ ಮುಟ್ಟಿ ವಾಪಸು ಬರುವ ಪಂದ್ಯ. ಗೆದ್ದವನ ಹಲಗೆಯನ್ನು ಚಕ್ರ ಸಮೇತ ಹಿಸ್ಕೆಯ ಗಲ್ಲಾದ ಮೇಲಿನ ತೊಲೆಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಮುಂದಿನ ಮೇ ತಿಂಗಳವರೆಗೆ ಅದರ ಒಂದು ನಟ್ ಕೂಡ ಯಾರೂ ಮುಟ್ಟುವಂತಿಲ್ಲ. ಕಾಫಿಗೆ ಬಂದವರೆಲ್ಲ ತಲೆಯೆತ್ತಿ, "ಅದು ಯಾರದ್ದು?" ಎಂದು ಕೇಳುತ್ತಾರೆ. ವಿಬ್ರೆನ್‌ಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ, ಅದಕ್ಕೆ ತನ್ನ ಹೆಸರಿನ ಉತ್ತರ. ವರ್ಷ ವರ್ಷವೂ ಅವನು ಎರಡನೆಯವನು. ಎರಡನೆಯವನ ಹಲಗೆ ಮನೆಯ ಮೆಟ್ಟಿಲ ಕೆಳಗೆ ಕಸಬರಿಕೆಯ ಪಕ್ಕ ನಿಲ್ಲುತ್ತದೆ.

ಅವನು ಈಜುಕೊಳದ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವವನು. ಕೆಲಸದಲ್ಲಿ ಬಿಡುವು ಬೇಕಾದಷ್ಟು. ಅದನ್ನೆಲ್ಲ ಹಲಗೆಗೆ ಸುರಿದಿದ್ದ. ತಿರುಗಬೇಕಾದ ಮುಂದಿನ ಅಚ್ಚಿಗೆ ಬೆಣ್ಣೆಯಂಥ ಮೆತ್ತನೆ ರಬ್ಬರ್ ಬುಷ್, ನೆಟ್ಟಗಿರಬೇಕಾದ ಹಿಂದಿನದಕ್ಕೆ ಹಳೆ ಚೀಸಿನಂಥ ಗಟ್ಟಿ ಬುಷ್. ತನ್ನ ಮೈಭಾರಕ್ಕೆ ಯಾವುದು ಒಗ್ಗುತ್ತದೆಂದು ತಿಳಿಯಲು ರೈತರ ಅಂಗಡಿಯ ಆಲೂಗಡ್ಡೆ ತಕ್ಕಡಿಯನ್ನೇರಿ ನಿಂತದ್ದೂ ಉಂಟು. ಶನಿವಾರ ಬಂತೆಂದರೆ ಚಕ್ರ ಕಳಚಿ, ಅದರ ಹೊಟ್ಟೆಯೊಳಗಿನ ಬೇರಿಂಗುಗಳನ್ನು ಹೊರತೆಗೆದು, ಹೆಂಡತಿಯ ಜಾಮ್ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಮೀಯಿಸಿ, ಟವೆಲಿನ ಮೇಲೆ ಒಣಗಿಸಿ, ಒಂದೊಂದಕ್ಕೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮತ್ತೆ ಚಕ್ರದೊಳಗೆ ಕೂರಿಸುತ್ತಿದ್ದ. ಇದರಲ್ಲಿ ಅರ್ಧ ಎಣ್ಣೆ ತನ್ನ ಮಂಡಿಗೆ ಹಚ್ಚಿದ್ದರೆ ತಾನೂ ಈ ಹೊತ್ತಿಗೆ ತೂಬಿನವರೆಗೆ ಓಡಿ ಬರುತ್ತಿದ್ದೆ ಎನ್ನುತ್ತಿದ್ದಳು ಹೆಂಡತಿ ರೆನ್ಸ್ಕೆ.

ಔಕೆಯೋ ಏರಿಯ ಮೇಲೆ ಕುರಿ ಮೇಯಿಸುವವನು. ಅವನ ಹಲಗೆ ಮಲಗುವುದು ಕುರಿಗಳ ಜೊತೆ. ಆದರೂ ಸಂಜೆಯಾದರೆ ಸಾಕು, ವಿಬ್ರೆನ್ನನ ಮನೆಯ ದೊಡ್ಡ ಕಿಟಕಿಯ ಮುಂದೆ ಅವನು ಜಾರಿ ಹೋಗುತ್ತಿದ್ದ. ಬಿರುಗಾಳಿಯ ಸದ್ದು ಕೇಳದಿರಲೆಂದು ಹಾಕಿಸಿದ ಎರಡು ಪದರದ ಗಾಜಿನ ಹಿಂದೆ ನಿಂತು ರೆನ್ಸ್ಕೆ, "ನೋಡು ವಿಬ್ರೆನ್, ಔಕೆ ಹೋಗ್ತಿದ್ದಾನೆ. ಬಾತುಕೋಳಿ ನೀರಲ್ಲಿ ತೇಲಿದ ಹಾಗೆ. ಒಂಚೂರು ಸದ್ದಿಲ್ಲ" ಎನ್ನುತ್ತಿದ್ದಳು. ವಿಬ್ರೆನ್ ನೋಡುತ್ತಿರಲಿಲ್ಲ. ನೋಡದೆಯೇ ಅವನ ಸೂಪು ಆರುತ್ತಿತ್ತು. ಔಕೆಯ ಜೊತೆ ಹಲಗೆ ಹತ್ತುವುದನ್ನಂತೂ ಅವನು ಚಳಿಗಾಲದಲ್ಲೇ ಬಿಟ್ಟಿದ್ದ.

ಹೀಗಿರುವಾಗ ಪಂದ್ಯದ ಬೆಳಗ್ಗೆಯೇ ಹಿಸ್ಕೆ ಆ ಮಾತೆತ್ತಿದ್ದಳು.

ಪಂದ್ಯಕ್ಕೆ ಮೊದಲು ಎಲ್ಲರ ಹಲಗೆಗಳನ್ನೂ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಸಾಲಾಗಿಟ್ಟು ತಾಡಪಾಲು ಹೊದಿಸುವುದು ಪದ್ಧತಿ. ಒಮ್ಮೆ ಹೊದಿಸಿದ ಮೇಲೆ ಕಾಫಿ ಮುಗಿಯುವವರೆಗೆ ಯಾರೂ ಅತ್ತ ಸುಳಿಯುವಂತಿಲ್ಲ. ಬೀಗವಿಲ್ಲ, ಕಾವಲಿಲ್ಲ, ನಂಬಿಕೆಯೇ ಬೀಗ. ಕೊಟ್ಟಿಗೆಯ ಬಾಗಿಲು ಮಾತ್ರ ಪಾಯಿಖಾನೆಗೆ ಹೋಗುವ ಓಣಿಯಲ್ಲಿತ್ತು.

ವಿಬ್ರೆನ್ ಎದ್ದ. ಜೇಬಿನಲ್ಲಿ ಸ್ಪ್ಯಾನರ್ ಇತ್ತು. ಕದಿಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ತನ್ನ ಕೈಗೆ ಬಂದಿದ್ದದ್ದನ್ನು ತಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಅಷ್ಟೆ.

ತಾಡಪಾಲು ಸರಿಸಿ ಔಕೆಯ ಹಲಗೆ ಎಳೆದುಕೊಂಡ. ಚಕ್ರಗಳ ಮೇಲೆ ಕುರಿ ಹಿಕ್ಕೆ ಅರೆದು ಹಚ್ಚಿದಂತೆ ಮೆತ್ತಿತ್ತು. ಇಂಥ ರತ್ನವನ್ನು ಹೀಗಿಟ್ಟಿದ್ದಾನಲ್ಲ ಎಂದುಕೊಂಡ. ಅವಸರವಸರವಾಗಿ ನಟ್ ಬಿಚ್ಚಿ ಆ ನಾಲ್ಕನ್ನು ತನ್ನ ಹಲಗೆಗೆ ಹಾಕಿದ, ತನ್ನ ನಾಲ್ಕನ್ನು ಅವನದಕ್ಕೆ. ಆದರೆ ಔಕೆಯ ಹಲಗೆಯ ಕೆಳಗೆ ತನ್ನ ಚಕ್ರಗಳು ಮದುಮಗನ ಬೂಟಿನಂತೆ ಹೊಳೆಯುತ್ತಿದ್ದವು. ಕುರುಡನಿಗೂ ಕಾಣುವಂತಿತ್ತು. ವಿಧಿಯಿಲ್ಲದೆ ಕರವಸ್ತ್ರ ತೆಗೆದು, ಔಕೆಯ ಚಕ್ರದ ಹೊರಮೈಯ ಹಿಕ್ಕೆಯನ್ನು ಒರೆಸಿ ಒರೆಸಿ, ಅದನ್ನೇ ತಾನು ವಾರವಾರವೂ ಮೀಯಿಸಿದ ಚಕ್ರಗಳಿಗೆ ಬಳಿದ. ಹೆತ್ತ ಮಗುವಿನ ಮುಖಕ್ಕೆ ಮಸಿ ಬಳಿದಷ್ಟು ಸಂಕಟವಾಯಿತು.

ಇನ್ನೇನು ಹೊಸ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಬೇಕು, ಅಷ್ಟರಲ್ಲಿ ಓಣಿಯಲ್ಲಿ ಪಾಯಿಖಾನೆಯ ಬಾಗಿಲು ಬಡಿಯುವ ಸದ್ದು.

"ವಿಬ್ರೆನ್, ಒಳಗೇ ಇದ್ದೀಯೇನಪ್ಪ? ಬಹಳ ಹೊತ್ತಾಯ್ತು."

ಸಿಸ್ಟರ್ ಡೀವ್ಕೆ. ಊರಿನ ನಿವೃತ್ತ ನರ್ಸ್. ವಿಬ್ರೆನ್ನನಿಗೆ ಹುಟ್ಟಿದ ವರ್ಷದಲ್ಲಿ ಚುಚ್ಚಿದ ಸೂಜಿಯ ಹಕ್ಕಿನಿಂದ ಇಂದಿಗೂ ಅವನ ದೇಹದ ಉಸ್ತುವಾರಿ ನೋಡಿಕೊಳ್ಳುವವಳು. ಅವನು ತಾಡಪಾಲು ಎಳೆದು, ಅವಳು ಬೆನ್ನು ತಿರುಗಿಸಿದ್ದಾಗ ಓಣಿಗೆ ನುಸುಳಿದ. ಹಣೆಯಲ್ಲಿ ಬೆವರು. ಒರೆಸಿಕೊಳ್ಳಲು ಕರವಸ್ತ್ರ ತೆಗೆದ. ಅದರ ವಾಸನೆ ಓಣಿಯನ್ನೆಲ್ಲ ತುಂಬಿತು.

ಸಿಸ್ಟರ್ ಡೀವ್ಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ಮಗನೇ," ಎಂದಳು ಮೆಲ್ಲಗೆ. "ಇಷ್ಟು ಜೋರಾಗಿದೆಯಾ?"

"ಸ್ವಲ್ಪ ಹೊಟ್ಟೆ ಸರಿಯಿಲ್ಲ ಸಿಸ್ಟರ್," ಎಂದ ವಿಬ್ರೆನ್. ಬೇರೇನು ಹೇಳಬಹುದಿತ್ತು?

ಅವನು ಕೈ ತೊಳೆದು ಕುರ್ಚಿಗೆ ಮರಳುವಷ್ಟರಲ್ಲಿ ಆ ಹೊಟ್ಟೆ ಇಡೀ ಊರಿನ ಹೊಟ್ಟೆಯಾಗಿತ್ತು. ಹಿಸ್ಕೆ ಅವನ ಮುಂದಿನ ಕಾಫಿ ಎತ್ತಿಕೊಂಡು ಹೋಗಿ ಕ್ಯಾಮೊಮೈಲ್ ಕಷಾಯ ತಂದಿಟ್ಟಳು. ಅಂಚೆಯವನು ತನ್ನ ಭಾವನಿಗೂ ಹೀಗೇ ಆಗಿದ್ದರ ಕತೆ ಹೇಳಿದ. ಆ ಭಾವ ಕತೆಯ ಕೊನೆಯಲ್ಲಿ ಬದುಕಿರಲಿಲ್ಲ. ಔಕೆಯಂತೂ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, ಬೇಡವೆನ್ನಿಸಿದರೆ ಈ ವರ್ಷ ಬಿಟ್ಟುಬಿಡು, ಯಾರೂ ತಪ್ಪು ತಿಳಿಯುವುದಿಲ್ಲ ಎಂದ. ಎಲಾ ಇವನ, ಹೆದರಿದ್ದಾನೆ ಎಂದುಕೊಂಡ ವಿಬ್ರೆನ್. ಮನಸ್ಸಿನಲ್ಲೇ ಮಂಡಿಗೆ ತಿಂದ.

ಪಂದ್ಯ ಶುರುವಾಯಿತು. ಗಾಳಿ ಬೆನ್ನ ಹಿಂದಿತ್ತು. ಹಲಗೆಗಳೆಲ್ಲ ಏರಿಯ ಮೇಲೆ ಮೀನಿನ ಹಿಂಡಿನಂತೆ ಹರಿದವು. ಬಲಗಡೆ ಉಬ್ಬರ ಇಳಿದ ಕೆಸರು ಕಡಲು, ಎಡಗಡೆ ಕುರಿಗಳು. ವಿಬ್ರೆನ್ ತೂಗಿದ ಹಾಗೆಲ್ಲ ಹಲಗೆ ಮುಂದೆ ಚಿಮ್ಮಿತು. ಔಕೆಯ ಮಗ್ಗುಲಲ್ಲೇ ಸಾಗಿದ, ಒಂದು ಕಡೆ ಅವನನ್ನು ಹಿಂದೆಯೂ ಹಾಕಿದ. ನೋಡಿದೆಯಾ ಚಕ್ರದ ಗುಣ ಎಂದು ಮನಸ್ಸು ಕುಣಿಯಿತು. ಕಿವಿ ತುಂಬ ಗಾಳಿಯೇ ಇದ್ದದ್ದರಿಂದ ಬೇರೇನೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಗಾಳಿಯ ದಿಕ್ಕು ನೋಡದೆ ಬಾಗಿಲು ತೆರೆಯದವನು ಅಂದು ಗಾಳಿಯ ಉಪಕಾರವನ್ನೆಲ್ಲ ಚಕ್ರದ ಲೆಕ್ಕಕ್ಕೆ ಬರೆದುಕೊಂಡ.

ಕುರಿ ಬೇಲಿಯ ಬಾಗಿಲುಗಳನ್ನು ಹಿಡಿದು ನಿಂತ ಊರಿನವರಿಗೆ ಸಿಸ್ಟರ್ ಡೀವ್ಕೆ ಆಗಲೇ ಫೋನ್ ಮಾಡಿದ್ದಳು. ಪ್ರತಿ ಬಾಗಿಲಲ್ಲೂ "ಹೊಟ್ಟೆ ಹೇಗಿದೆ ವಿಬ್ರೆನ್?" ಎಂದು ಕೇಳಿದರು. ಒಬ್ಬಳು ಓಡುತ್ತಲೇ ಒಣ ರಸ್ಕ್ ಬಾಯಿಗೆ ತುರುಕಲು ನೋಡಿದಳು.

ತೂಬಿನ ಕಂಬ ಮುಟ್ಟಿ ತಿರುಗಿದ. ಗಾಳಿ ಈಗ ಎದೆಗೆ ಬಂತು. ತೂಗಿದ, ಹಲಗೆ ಸರಿಯಲಿಲ್ಲ. ಇನ್ನೂ ಜೋರಾಗಿ ತೂಗಿದ. ಆಗ ಪಾದದ ಕೆಳಗಿನಿಂದ ಮೊದಲ ಸಲ ಆ ಸದ್ದು ಕೇಳಿತು. ಕರಕರ, ಕರಕರ. ಯಾರೋ ಮರಳಿನಲ್ಲಿ ಕಡಲೆ ಹುರಿಯುತ್ತಿರುವ ಹಾಗೆ.

ಆ ಸದ್ದಿನ ಅರ್ಥ ಊರಿನಲ್ಲಿ ಎಲ್ಲರಿಗಿಂತ ಮೊದಲು ತಿಳಿಯಬೇಕಾದವನು ಅವನೇ. ಉಪ್ಪುನೀರು, ಮರಳು, ತುಕ್ಕು. ಬೇರಿಂಗ್ ಇರುವುದು ಅಚ್ಚಿನಲ್ಲಲ್ಲ, ಚಕ್ರದ ಹೊಟ್ಟೆಯಲ್ಲಿ. ಚಕ್ರ ಬದಲಾಯಿಸಿದವನು ಅದನ್ನೂ ಬದಲಾಯಿಸಿದ. ಚಳಿಗಾಲವಿಡೀ ಸ್ಪಿರಿಟ್‌ನಲ್ಲಿ ಮಿಂದು ಎಣ್ಣೆ ಕುಡಿದ ತನ್ನ ಬೇರಿಂಗುಗಳು ಈಗ ಮುಂದೆ, ಔಕೆಯ ಕಾಲ ಕೆಳಗೆ, ಸದ್ದಿಲ್ಲದೆ ದೂರವಾಗುತ್ತಿದ್ದವು.

ಒಬ್ಬೊಬ್ಬರೇ ಅವನನ್ನು ದಾಟಿದರು. ಅಂಚೆಯವನು ದಾಟಿದ. ಶಾಲೆಯ ಹೆಡ್‌ಮಾಸ್ತರರ ಅತ್ತೆ ದಾಟುತ್ತ, ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿಕೋ ಎಂದು ಸಲಹೆ ಕೊಟ್ಟರು. ಒಂದು ಟಗರು ದಾರಿಯ ನಡುವೆ ನಿಂತು ಅವನು ಹತ್ತಿರ ಬರುವವರೆಗೆ ಕಾದು, ಬೇಸರವಾಗಿ ಹುಲ್ಲು ಮೇಯಲು ಹೋಯಿತು. ಕಾಲು ನೆಲಕ್ಕಿಟ್ಟು ಆಟ ಬಿಟ್ಟುಬಿಡಬಹುದಿತ್ತು. ಆದರೆ ಪ್ರತಿ ಬಾಗಿಲಲ್ಲೂ ಜನ ಚಪ್ಪಾಳೆ ತಟ್ಟುತ್ತಿದ್ದರು, "ಆ ಹೊಟ್ಟೆ ಇಟ್ಟುಕೊಂಡು ನೋಡಿ!" ಎಂದು. ಆ ಚಪ್ಪಾಳೆಯ ಮುಂದೆ ಕಾಲು ಕೆಳಗಿಡುವುದು ಹೇಗೆ?

ಕಟ್ಟಕಡೆಯವನಾಗಿ ಅವನು ಬಂದು ತಲುಪಿದಾಗ ಅಂಗಡಿಯೊಳಗೆ ಔಕೆ ಗೆದ್ದ ಸಂಭ್ರಮ ನಡೆದಿತ್ತು. ಹಿಸ್ಕೆ ಏಣಿ ಹತ್ತಿ ಔಕೆಯ ಹಲಗೆಯನ್ನು ಚಕ್ರ ಮುಂದಾಗಿ ತೊಲೆಗೆ ಹಿಡಿದು ಕೊನೆಯ ಸ್ಕ್ರೂ ಬಿಗಿಯುತ್ತಿದ್ದಳು. ಗೆದ್ದವನು ಎರಡು ಮಾತಾಡಬೇಕು. ಔಕೆ ಎದ್ದು ನಿಂತು, ಟೋಪಿ ಕೈಯಲ್ಲಿ ಹಿಚುಕುತ್ತ, ಹೇಳಿಬಿಡುತ್ತೇನೆ ಎಂದ.

"ಒಂದು ತಿಂಗಳಿಂದ ನನ್ನ ಚಕ್ರ ಕರಕರ ಅಂತಿತ್ತು. ಉಬ್ಬರದ ನೀರಲ್ಲಿ ಓಡಿಸಿದ್ದೆ, ತೊಳೀಲಿಲ್ಲ. ಸೋಮಾರಿ ನಾನು, ಎಲ್ಲರಿಗೂ ಗೊತ್ತು. ಶನಿವಾರ ವಿಬ್ರೆನ್ ಕಿಟಕಿ ಮುಂದೆ ಹೋಗುವಾಗೆಲ್ಲ ಅವನು ಟವೆಲ್ ಮೇಲೆ ಬೇರಿಂಗ್ ಹರಡಿಕೊಂಡು ಕೂತಿರೋದು ಕಾಣೋದು. ಹೊಟ್ಟೆಕಿಚ್ಚಾಗ್ತಿತ್ತು. ಇವತ್ತು ಬೆಳಗ್ಗೆ ಕಾಫಿಗೆ ಕೂರೋದಕ್ಕೆ ಮುಂಚೆ ಸ್ಪ್ಯಾನರ್ ಜೇಬಲ್ಲಿಟ್ಟುಕೊಂಡು ಕೊಟ್ಟಿಗೆಗೆ ಹೋದೆ, ನನ್ನ ಚಕ್ರ ಅವನ ಹಲಗೆಗೆ ಹಾಕಿ ಅವನದ್ದು ನಾನು ಹೊಡ್ಕೊಳ್ಳೋಣ ಅಂತ."

ಹಿಸ್ಕೆ ಏಣಿಯ ಮೇಲಿಂದಲೇ ಕತ್ತು ತಿರುಗಿಸಿ ನೋಡಿದಳು.

"ಆದರೆ ಅವನ ಚಕ್ರ ಹೊಳೀತಿದ್ದದ್ದು ನೋಡಿ ಕೈ ಬರಲಿಲ್ಲ. ಪಾಪ, ಎಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದಾನೆ. ಹಾಗೇ ವಾಪಸು ಬಂದೆ. ಹಲಗೆ ಹತ್ತಿ ನೋಡ್ತೀನಿ, ನನ್ನ ಚಕ್ರದ ಸದ್ದೇ ನಿಂತುಹೋಗಿದೆ. ಒಳ್ಳೆ ಬುದ್ಧಿಗೆ ದೇವರು ಎಣ್ಣೆ ಬಿಟ್ಟ ಅಂತ ಕಾಣುತ್ತೆ."

ಜನ ಮೇಜು ಬಡಿದರು. ಹಿಸ್ಕೆ ಏಣಿಯ ಮೇಲೆಯೇ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. ಔಕೆ ಬಂದು ವಿಬ್ರೆನ್ನನ ಕೈ ಹಿಡಿದು, "ಕ್ಷಮಿಸ್ತೀಯಲ್ಲ?" ಎಂದ.

ವಿಬ್ರೆನ್ ಬಾಯಿ ತೆರೆದ. ಅದು ನನ್ನ ಚಕ್ರ ಎನ್ನಬೇಕಾದರೆ ಅದು ಅಲ್ಲಿಗೆ ಹೇಗೆ ಹೋಯಿತೆಂದೂ ಹೇಳಬೇಕಿತ್ತು. ಬಾಯಿ ಮುಚ್ಚಿದ. "ಇರಲಿ ಬಿಡು ಮಾರಾಯ," ಎಂದ ಕೊನೆಗೆ. ಅದೂ ಪೊಟ್ಟಣ ಬಿಟ್ಟುಕೊಟ್ಟ ದಿನದ ದನಿಯಲ್ಲೇ ಬಂತು.

"ಇವನ ಮುಖ ನೋಡಿ ಸಿಸ್ಟರ್, ಹೇಗೆ ಬಿಳುಚಿಕೊಂಡಿದೆ," ಎಂದಳು ರೆನ್ಸ್ಕೆ. "ಮನೆಗೆ ಕರ್ಕೊಂಡು ಹೋಗಲಾ?"

"ಹೊಟ್ಟೆಯದ್ದು ಅಷ್ಟು ಬೇಗ ಇಳಿಯೋದಿಲ್ಲಮ್ಮ," ಎಂದಳು ಸಿಸ್ಟರ್ ಡೀವ್ಕೆ, ಅವನ ಮುಂದೆ ಒಣ ರಸ್ಕ್ ಇಡುತ್ತ. "ಸ್ವಲ್ಪ ಕೂತಿರಲಿ."

ಹಿಸ್ಕೆ ಏಣಿಯಿಂದ ಇಳಿಯುವಾಗ ಅವಳ ಮೊಣಕೈ ತೊಲೆಯ ಮೇಲಿನ ಒಂದು ಚಕ್ರಕ್ಕೆ ತಗುಲಿತು. ಅದು ತಿರುಗತೊಡಗಿತು. ಏಣಿ ಮಡಿಚಿ ಒಳಗಿಟ್ಟರು, ಕಾಫಿ ಬಂತು, ಎಲ್ಲರಿಗೂ ಒಂದೊಂದು ತೆಳ್ಳನೆಯ ಕೇಕು ಬಂತು. ವಿಬ್ರೆನ್ ರಸ್ಕ್ ಕಡಿಯುತ್ತ ತಲೆಯೆತ್ತಿ ನೋಡಿದ. ಚಕ್ರ ಇನ್ನೂ ತಿರುಗುತ್ತಲೇ ಇತ್ತು, ಒಂದಿಷ್ಟೂ ಸದ್ದಿಲ್ಲದೆ.