ಒಂದೇ ಒಂದು ನುಸಿ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಎಸ್ಕಿಲ್‌ಗೆ ಹಾವಿನ ನೀರಿನ ಬಟ್ಟಲಲ್ಲಿ ಕರಿಮೆಣಸಿನ ಪುಡಿ ಕಂಡಿತು. ಕನ್ನಡಕ ಹಾಕಿಕೊಂಡು ನೋಡಿದರೆ ಮೆಣಸಿನ ಪುಡಿ ಈಜುತ್ತಿತ್ತು.

ನುಸಿ! ಹಾವಿನ ರಕ್ತ ಹೀರುವ ನುಸಿ. ಸ್ಮುಲಾನ್ ಎಂಬ ಆ ಕಿತ್ತಳೆ ಬಣ್ಣದ ಹಾವು ತಲೆಯೊಂದನ್ನು ಹೊರಗಿಟ್ಟು ಬಟ್ಟಲಲ್ಲಿ ಸುರುಳಿ ಸುತ್ತಿಕೊಂಡು, ಕಾಲು ನೋವೆಂದು ಬಿಸಿನೀರಲ್ಲಿ ಕೂತ ಅತ್ತೆಯಂತೆ ಅವನನ್ನೇ ದುರುಗುಟ್ಟಿ ನೋಡಿತು.

ಬೇರೆ ಯಾವ ದಿನವಾದರೂ ಆಗಬಹುದಿತ್ತು. ಇವತ್ತು ಮಧ್ಯಾಹ್ನ ನಾಲ್ಕಕ್ಕೆ ತೂವಾ ಬರುತ್ತಾಳೆ.

ಹಾವು ತೂವಾಳದು. ಎರಡು ವರ್ಷದ ಹಿಂದೆ ಮೇಲಿನ ಮನೆ ಖಾಲಿ ಮಾಡಿ ದೂರದ ಊಮಿಯೋಗೆ ಕೆಲಸಕ್ಕೆ ಹೊರಟಾಗ, "ಒಂದೆರಡು ತಿಂಗಳು ನೋಡ್ಕೋ ಎಸ್ಕಿಲ್. ನಿನ್ನಷ್ಟು ಜೋಪಾನ ಮಾಡೋರು ಇಡೀ ನಾರ್ಶೋಪಿಂಗ್ ಊರಲ್ಲೇ ಇಲ್ಲ" ಎಂದು ಗಾಜಿನ ಪೆಟ್ಟಿಗೆಯನ್ನು ಅವನ ಮನೆಯಲ್ಲಿಟ್ಟು ಹೋಗಿದ್ದಳು. ಎಸ್ಕಿಲ್‌ಗೆ ಹಾವೆಂದರೆ ಎದೆ ನಡುಗುತ್ತಿತ್ತು. ಆದರೂ ಆ ಒಂದು ಮಾತನ್ನು ನೆಚ್ಚಿಕೊಂಡು ಎರಡು ವರ್ಷ ಫ್ರಿಜ್ಜಿನ ಸತ್ತ ಇಲಿಮರಿ ಬಿಸಿ ಮಾಡಿ, ಮುಖ ಆಚೆ ತಿರುಗಿಸಿ, ಇಕ್ಕಳದಲ್ಲಿ ಹಿಡಿದು ತಿನ್ನಿಸಿದ್ದ. ಇವತ್ತು ಅವಳು ಹಾವನ್ನು ಕರೆದೊಯ್ಯಲು ಬರುತ್ತಿದ್ದಳು. "ಹೋಗಬೇಡ, ಇಲ್ಲೇ ಇರು" ಎಂದು ಹೇಳಲು ಅವನು ವಾರದಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ. ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು?

ಫೋನ್ ಕೈಗೆತ್ತಿಕೊಂಡ. 'ನಿನ್ನ ಹಾವಿಗೆ ನುಸಿ ಹತ್ತಿಸಿದ್ದೇನೆ' ಎನ್ನಲು ನಾಚಿಕೆಯಾಗಿ ಕೆಳಗಿಟ್ಟ.

ಹಾವನ್ನು ಉಗುರುಬೆಚ್ಚಗಿನ ನೀರಿನ ಡಬ್ಬಿಯಲ್ಲಿ ಮಲಗಿಸಿದ. ನುಸಿ ಉಸಿರುಗಟ್ಟಲೆಂದು ಅದರ ತಲೆಗೆ ಹತ್ತಿಯಲ್ಲಿ ಆಲಿವ್ ಎಣ್ಣೆ ಸವರಿ, ತೂತಿನ ಮುಚ್ಚಳ ಹಾಕಿದ. ಪೆಟ್ಟಿಗೆಯಲ್ಲಿ ಹಾಸಿದ್ದ ತೊಗಟೆಪುಡಿಯನ್ನೆಲ್ಲ ಚೀಲಕ್ಕೆ ಸುರಿದು ಗಂಟು ಕಟ್ಟಿದ. ಉಳಿದದ್ದು ಬಟ್ಟೆ: ಪರದೆ, ಸೋಫಾದ ಹೊದಿಕೆ, ಪೆಟ್ಟಿಗೆಯ ಮೇಲೆ ತೂವಾ ಮರೆತು ಬಿಟ್ಟುಹೋದ ಹಳದಿ ಉಣ್ಣೆಯ ಶಾಲು. ಆ ಶಾಲನ್ನು ಅವನು ಎರಡು ವರ್ಷ ಒಗೆದಿರಲಿಲ್ಲ. ಅವಳ ತಲೆಗೂದಲಿನ ವಾಸನೆ ಒಂದು ಮೂಲೆಯಲ್ಲಿ ಇನ್ನೂ ಚೂರು ಉಳಿದಿತ್ತು. ಕೊನೆಯ ಸಲ ಮೂಸಿ, ಒಗೆಯುವ ಯಂತ್ರದಲ್ಲಿ ಅರವತ್ತು ಡಿಗ್ರಿ ಬಿಸಿಗೆ ಹಾಕಲು ನೆಲಮಾಳಿಗೆಗೆ ಇಳಿದ.

ಅಲ್ಲಿ ಕಟ್ಟಡದವರೆಲ್ಲರಿಗೂ ಸೇರಿದ ಒಗೆಯುವ ಕೋಣೆ. ಬಾಗಿಲಲ್ಲಿ ಪಾಳಿಯ ಪಟ್ಟಿ. ಎಸ್ಕಿಲ್‌ನ ಪಾಳಿ ಮುಂದಿನ ಗುರುವಾರ. ಇವತ್ತಿನದು ಎರಡನೇ ಮಹಡಿಯ ಗುನ್‌ಬ್ರಿಟ್‌ಳದು. ಆ ಕಟ್ಟಡದಲ್ಲಿ ಪಕ್ಕದ ಮನೆಯವನ ಹೆಂಡತಿಯೊಂದಿಗೆ ಓಡಿಹೋದವನನ್ನೂ ಕ್ಷಮಿಸಿಯಾರು, ಇನ್ನೊಬ್ಬರ ಪಾಳಿಯಲ್ಲಿ ಬಟ್ಟೆ ಹಾಕಿದವನನ್ನು ಕ್ಷಮಿಸುವುದಿಲ್ಲ. ಎಸ್ಕಿಲ್ ಜೀವನದಲ್ಲಿ ಮೊದಲ ಸಲ ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಕಣ್ಣು ಬಿಟ್ಟಾಗ ಎದುರಿಗೆ ಗುನ್‌ಬ್ರಿಟ್, ಬಟ್ಟೆಯ ಬುಟ್ಟಿಯೊಂದಿಗೆ.

"ಎಸ್ಕಿಲ್! ನೀನಾ? ನಲವತ್ತು ವರ್ಷದಿಂದ ಶನಿವಾರ ನಂದು. ನನ್ನ ಗಂಡ ಸತ್ತ ದಿನಾನೂ ನಾನು ಪಾಳಿ ತಪ್ಪಿಸಿಲ್ಲ!"

"ತಪ್ಪಾಯ್ತು ಗುನ್‌ಬ್ರಿಟ್, ತುಂಬಾ ಅವಸರ ಇತ್ತು..."

"ಏನು ಅಂಥಾ ಅವಸರ? ಮನೆಗೆ ಬೆಂಕಿ ಬಿತ್ತಾ?"

ನುಸಿ ಎಂದು ಬಾಯಿಬಿಟ್ಟರೆ ಮಧ್ಯಾಹ್ನದೊಳಗೆ ಕಟ್ಟಡದ ಸಮಿತಿ ಸೇರುತ್ತದೆ, ಹಾವು ಬೀದಿಗೆ ಬೀಳುತ್ತದೆ. "ಮನೆಗೆ... ತೂವಾ ಬರ್ತಾಳೆ" ಎಂದ.

ಗುನ್‌ಬ್ರಿಟ್‌ಳ ಮುಖ ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಾಯಿತು. ಎಸ್ಕಿಲ್ ಯಾರಿಗಾಗಿ ಹಾವು ಸಾಕುತ್ತಿದ್ದಾನೆಂಬುದು ಕಟ್ಟಡಕ್ಕೆಲ್ಲ ಗೊತ್ತಿದೆ ಎಂಬುದು ಅವನೊಬ್ಬನಿಗೆ ಗೊತ್ತಿರಲಿಲ್ಲ.

"ಅಯ್ಯೋ ಪೆದ್ದ, ಮೊದಲೇ ಹೇಳ್ಬಾರ್ದಾ! ಹೋಲ್ಗರ್! ಹೋಲ್ಗರ್, ಬಾ ಇಲ್ಲಿ! ತೂವಾ ಬರ್ತಾಳಂತೆ!"

ಅದೇ ಕಟ್ಟಡದ, ಟ್ರಾಮ್ ಓಡಿಸಿ ನಿವೃತ್ತನಾದ ಹೋಲ್ಗರ್ ಸ್ಕ್ರೂಡ್ರೈವರ್ ಸಮೇತ ಬಂದ. ಅರ್ಧ ಗಂಟೆಯಲ್ಲಿ ಎಸ್ಕಿಲ್‌ನ ಮನೆ ಅವನ ಕೈತಪ್ಪಿತು. ಗುನ್‌ಬ್ರಿಟ್ ನೆಲ, ಗೋಡೆ, ಗಾಜಿನ ಪೆಟ್ಟಿಗೆಯ ಸಂದುಗೊಂದು ಎಲ್ಲವನ್ನೂ ಬಿಸಿನೀರು ಸಾಬೂನಿನಿಂದ ಉಜ್ಜಿದಳು. ಹೋಲ್ಗರ್ ಯಾರೂ ಕೇಳದಿದ್ದರೂ ಬಾಗಿಲಿನ ತಿರುಗಣಿ ಬಿಚ್ಚಿ ಎಣ್ಣೆ ಹಾಕಿ, ಮತ್ತೆ ಕೂರಿಸಲಾಗದೆ ಬಾಗಿಲನ್ನೇ ಗೋಡೆಗೆ ಒರಗಿಸಿದ. ಮೂರು ಸಲ ನೀರು ಬದಲಾದ ಮೇಲೆ ಸ್ಮುಲಾನ್ ಹೊಸ ಸೈಕಲ್ಲಿನಂತೆ ಹೊಳೆಯಿತು. ಕೆಳಗಿನಿಂದ ಬಂದ ಶಾಲು ಮಾತ್ರ ಕುಗ್ಗಿ ಗೊಂಬೆಗೆ ಹೊದಿಸುವಷ್ಟಾಗಿತ್ತು. ಮೂಸಿದರೆ ಸಾಬೂನು.

ನಾಲ್ಕಕ್ಕೆ ತೂವಾ ಬಂದಳು. ಕೆನ್ನೆ ಚಳಿಗೆ ಕೆಂಪಾಗಿತ್ತು, ಹಿಂದೆ ಎರಡು ದೊಡ್ಡ ಸೂಟ್‌ಕೇಸ್. ಎಸ್ಕಿಲ್ ಅಭ್ಯಾಸ ಮಾಡಿದ ಮಾತು ಮರೆತು, "ಬಾಗಿಲು ಇಲ್ಲ, ಬಾ" ಎಂದ.

ಅವಳು ಹಾವನ್ನು ಬಿಳಿ ಕಾಗದದ ಮೇಲೆ ಬಿಟ್ಟು, ಭೂತಗನ್ನಡಿ ಹಿಡಿದು ಮೂತಿಯಿಂದ ಬಾಲದವರೆಗೆ ನೋಡಿದಳು. ಗುನ್‌ಬ್ರಿಟ್ ಮತ್ತು ಹೋಲ್ಗರ್ ಅಡುಗೆಮನೆಯಲ್ಲಿ ಕಾಫಿ ಸೋಸುವ ನೆಪದಲ್ಲಿ ಕಿವಿ ಇಲ್ಲೇ ಇಟ್ಟಿದ್ದರು.

"ಒಂದು ನುಸಿನೂ ಇಲ್ಲ!" ತೂವಾ ನಕ್ಕಳು. "ನಿಜ ಹೇಳ್ಲಾ ಎಸ್ಕಿಲ್? ನಾನಿರೋ ಮನೇಲಿ ಗೆಳತಿಯ ಹನ್ನೊಂದು ಹಾವಿವೆ. ಒಂದು ನುಸಿ ಇದ್ರೂ ಆರು ವಾರ ಒಳಗೆ ಬಿಡಲ್ಲ ಅಂದಿದ್ಲು. ಇರುತ್ತೆ ಅಂತಾನೇ ಅಂದ್ಕೊಂಡು, ರಜೆ ಹಾಕಿ, ಆರು ವಾರ ನಿನ್ನ ಜೊತೆ ಇಲ್ಲೇ ಇರೋಣ ಅಂತ ಬಟ್ಟೆಬರೆ ಎಲ್ಲಾ ತುಂಬ್ಕೊಂಡು ಬಂದಿದ್ದೆ. ಈಗ ಆರು ಗಂಟೆ ರೈಲಿಗೇ ಹೋಗ್ಬಹುದು."

ಎಸ್ಕಿಲ್ ಸೂಟ್‌ಕೇಸಿಗೆ ಅಡ್ಡ ಬಂದ. "ಇದೆ! ನುಸಿ ಇತ್ತು! ಬೆಳಿಗ್ಗೆ ಬಟ್ಟಲ ತುಂಬಾ ಇತ್ತು ತೂವಾ! ಮೊಟ್ಟೆ ಈಗಲೂ ಇರುತ್ತೆ!"

ಅಡುಗೆಮನೆಯಿಂದ ಗುನ್‌ಬ್ರಿಟ್ ಬಾಣದಂತೆ ಹೊರಬಂದಳು. "ಯಾರ ಮನೇಲಿ ನುಸಿ? ಅವನ ಮಾತು ಕೇಳ್ಬೇಡಮ್ಮಾ! ಇಡೀ ಮನೆ ನಾನೇ ಕೈಯಾರೆ ತಿಕ್ಕಿದೀನಿ."

"ಹಾವಿಗೆ ಮೂರು ಸಲ ಸ್ನಾನ ಮಾಡ್ಸಿದಾನೆ, ನಾನೇ ಸಾಕ್ಷಿ" ಎಂದು ಹೋಲ್ಗರ್ ಎದೆಯುಬ್ಬಿಸಿದ.

ತೂವಾ ಎಸ್ಕಿಲ್‌ನನ್ನು ಒಂದು ಕ್ಷಣ ನೋಡಿದಳು. ಅವಳ ಕಣ್ಣಲ್ಲಿ ಏನೋ ಒಂದು ಬಂದು, ತಡೆದು ನಿಂತು, ಹಿಂದೆ ಹೋಯಿತು.

"ಹಾವು ಆಕಳಿಸಿದ್ರೂ ಫೋನ್ ಮಾಡೋನು ನೀನು. ನುಸಿ ಬಂದಿದ್ರೆ ಸುಮ್ನೆ ಇರ್ತಿದ್ಯಾ?" ಎಂದಳು ಮೆತ್ತಗೆ. "ಇರು ಅನ್ನೋಕೆ ನುಸಿ ಯಾಕೋ ಬೇಕು?"

ಅದಕ್ಕೆ ಉತ್ತರ ಅವನ ಬಳಿ ವಾರದಿಂದ ಸಿದ್ಧವಿತ್ತು. ಗುನ್‌ಬ್ರಿಟ್ ಅವನ ಮುಖವನ್ನೇ, ಹೋಲ್ಗರ್ ಅವನ ಬಾಯನ್ನೇ ನೋಡುತ್ತಿದ್ದರು. ಎಸ್ಕಿಲ್ ಕನ್ನಡಕ ತೆಗೆದು ಒರೆಸಿದ. "ರೈಲು... ಆರು ಹತ್ತಕ್ಕೆ. ಸ್ವಲ್ಪ ಬೇಗ ಹೊರಟರೆ ಒಳ್ಳೇದು" ಎಂದ.

ಅವಳು ಹೋದಳು, ಹಾವು ಬಟ್ಟೆಯ ಚೀಲದಲ್ಲಿ, ಸೂಟ್‌ಕೇಸುಗಳು ಹೋಲ್ಗರ್‌ನ ಕೈಯಲ್ಲಿ.

ಎಸ್ಕಿಲ್ ಖಾಲಿ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಟಾರ್ಚ್ ಹಿಡಿದು ಒಂದೊಂದೇ ಸಂದಿಯಲ್ಲಿ ನುಸಿ ಹುಡುಕತೊಡಗಿದ. ನಿಲ್ದಾಣಕ್ಕೆ ಓಡಿದರೆ ರೈಲು ಹೊರಡಲು ಇನ್ನೂ ಹತ್ತು ನಿಮಿಷ ಉಳಿಯುತ್ತಿತ್ತು.

ಗುನ್‌ಬ್ರಿಟ್ ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನೋಡಿದಳು.

"ಹುಡುಕಪ್ಪಾ ಹುಡುಕು. ಒಂದೇ ಒಂದು ಸಿಕ್ಕಿದ್ರೂ ನನ್ನ ಹೆಸರು ಬದಲಾಯಿಸ್ಕೋತೀನಿ!"