ಐಇಪಿ ಮೀಟಿಂಗೂ ನಾವಿಬ್ಬರೂ

ವಿಶೇಷ ಶಿಕ್ಷಣದವರ ಭಾಷೆ ಅರ್ಥವಾಯಿತು ಎಂದುಕೊಂಡ ದಿನವೇ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟಾಗುತ್ತದೆ. ನಮ್ಮ ಒಬ್ಬಳೇ ಮಗಳಿಗೆ ಆಟಿಸಂ. ಮಾತು ಬಹಳ ಕಡಿಮೆ. ಅಮೆರಿಕದ ಜಾನ್ಸ್ ಕ್ರೀಕ್‌ನ ಈ ಮನೆಯಲ್ಲಿ ನಗುವೂ ಕಡಿಮೆಯೇ. ಬಂದಷ್ಟನ್ನು ಹೇಳುತ್ತೇನೆ.

ತಲೆಯಾಡಿಸಿದ್ದು

ಕೋವಿಡ್ ಕಾಲ. ಮೊದಲ ಐಇಪಿ ಮೀಟಿಂಗ್ ಕಂಪ್ಯೂಟರಿನಲ್ಲೇ ನಡೆಯಿತು. ಐಇಪಿ ಎಂದರೆ ಶಾಲೆಯವರು ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಅವರು ಎಲ್‌ಆರ್‌ಇ, ಎಸ್‌ಎಲ್‌ಪಿ, ಒಟಿ ಎಂದು ಅಕ್ಷರ ಉದುರಿಸುತ್ತ ಹೋದರು. ನಮ್ಮ ಯಜಮಾನರು ಗಂಭೀರವಾಗಿ ತಲೆಯಾಡಿಸುತ್ತ ಎಲ್ಲದಕ್ಕೂ "ಮೇಕ್ಸ್ ಸೆನ್ಸ್" ಎಂದರು. ಇವರಿಗೆ ಗೊತ್ತಿದೆಯಲ್ಲ ಎಂದು ನಾನು ನೆಮ್ಮದಿಯಾಗಿ ಕೂತೆ.

ಮುಗಿದ ಮೇಲೆ, "ಏನ್ರೀ ಹೇಳಿದ್ರು?" ಎಂದೆ.

"ನಂಗೇನ್ ಗೊತ್ತು? ಆಫೀಸ್ ಮೀಟಿಂಗಲ್ಲೂ ಹಿಂಗೇ ಮ್ಯಾನೇಜ್ ಮಾಡೋದು."

"ಸಿಕ್ಕಿಬೀಳಲ್ವಾ?"

"ಹಿಂಗೇ ಪ್ರಮೋಷನ್ ಸಿಕ್ಕಿದ್ದು ಕಣೇ."

ಹೊಗಳಿದ್ದು

ಮುಂದಿನ ವರ್ಷದ ಮೀಟಿಂಗಿನಲ್ಲಿ ಟೀಚರು ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಅವಳು ನಕ್ಕರೆ ಕ್ಲಾಸೇ ಬೆಳಗುತ್ತದಂತೆ. ನಾನು ಸಂಭ್ರಮದಿಂದ ಶಾವಿಗೆ ಪಾಯಸ ಮಾಡಿ ಪಕ್ಕದ ಮನೆ ಆಂಟಿಗೆ ಕೊಡಲು ಹೋದೆ. ಅವರ ಮೊಮ್ಮಗನದೂ ಇದೇ ಕಥೆ.

"ಎಷ್ಟೊತ್ತು ಹೊಗಳಿದ್ರು?" ಎಂದರು ಆಂಟಿ.

"ತುಂಬಾ ಹೊತ್ತು ಆಂಟಿ!"

ಆಂಟಿ ಬಟ್ಟಲು ಕೆಳಗಿಟ್ಟರು. "ಕೆಟ್ಟ ಸುದ್ದಿ ಎಷ್ಟು ದೊಡ್ಡದೋ ಅಷ್ಟು ಹೊಗಳ್ತಾರಮ್ಮ ಇವರು. ಕೊನೇಲಿ ಏನಂದ್ರು?"

"ಮಾತು ಇನ್ನೂ ಎರಡು ವರ್ಷದ ಮಗು ಥರ ಇದೆ ಅಂದ ಹಾಗಿತ್ತು. ನಾನು ಖುಷೀಲಿ..." ಅಳು ನುಗ್ಗಿ ಬಂತು.

ಆಂಟಿ ಬೆನ್ನು ಸವರಿದರು. ಆಮೇಲೆ ಒಂದು ಚಮಚ ಬಾಯಿಗಿಟ್ಟು, "ಪಾಯಸ ತುಂಬಾ ಚೆನ್ನಾಗಿದೆ" ಎಂದರು. ನನಗೆ ಇನ್ನಷ್ಟು ಭಯವಾಯಿತು.

ಪಾಸಾದದ್ದು

ಮೂರು ವರ್ಷಕ್ಕೊಮ್ಮೆ ಮಗುವನ್ನು ಮತ್ತೆ ಪರೀಕ್ಷಿಸುತ್ತಾರೆ. ಪರೀಕ್ಷೆ ಎಂದು ಕಿವಿಗೆ ಬಿದ್ದದ್ದೇ ತಡ, ನಮ್ಮೊಳಗಿನ ಬೆಂಗಳೂರು ಎದ್ದು ಕೂತಿತು. ಎಲ್‌ಕೆಜಿ ಇಂಟರ್‌ವ್ಯೂಗೂ ಮಕ್ಕಳಿಗೆ ಉತ್ತರ ಅರೆದು ಕುಡಿಸುವ ಊರಿನವರು ನಾವು. ಚಿತ್ರದ ಕಾರ್ಡುಗಳನ್ನು ತರಿಸಿದೆವು. ಮೈಸೂರಿನಿಂದ ನಮ್ಮತ್ತೆ, ರಿಟೈರ್ಡ್ ಹೆಡ್‌ಮಿಸ್ಸು, ದಿನವೂ ವಿಡಿಯೋ ಕಾಲಿನಲ್ಲಿ ಉರು ಹೊಡೆಸಿದರು.

ಪರೀಕ್ಷೆಯ ದಿನ ಮಗಳು ಪಟಪಟನೆ ಉತ್ತರ ಹೇಳಿಬಿಟ್ಟಳು. "ಗೋಲ್ಸ್ ಎಲ್ಲ ಮುಟ್ಟಿದ್ದಾಳೆ, ಸ್ಪೀಚ್ ಥೆರಪಿಯಿಂದ ಎಕ್ಸಿಟ್ ಮಾಡ್ತೀವಿ" ಎಂದರು ಶಾಲೆಯವರು. ಯಜಮಾನರು ಎದ್ದು ಎಲ್ಲರ ಕೈ ಕುಲುಕಿದರು. ಎಕ್ಸಿಟ್ ಎಂದರೆ ಶಾಲೆಯಲ್ಲಿ ಮಾತು ಕಲಿಸುವ ಥೆರಪಿಯೇ ಇನ್ನಿಲ್ಲ ಎಂದು ಸಂಜೆ ಆಂಟಿ ಬಿಡಿಸಿ ಹೇಳಿದಾಗಲೇ ನಮಗೆ ಗೊತ್ತಾದದ್ದು.

ಕಾರ್ಡಿನಲ್ಲಿ ಲೋಟ ಕಂಡರೆ ಅವಳು "ಕಪ್" ಅನ್ನುತ್ತಾಳೆ. ಬಾಯಾರಿದರೆ ನೀರು ಬೇಕೆನ್ನಲು ಬರುವುದಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಆ ಥೆರಪಿಯೂ ಹೋದರೆ ಗತಿಯೇನು?

ಕಾಡಿ ಬೇಡಿ ಇನ್ನೊಂದು ಮೀಟಿಂಗ್ ಇಡಿಸಿದೆವು. ನೆಂಟರ ಮುಂದೆಲ್ಲ "ಅವಳಿಗೆ ನಾಚಿಕೆ ಅಷ್ಟೇ" ಎನ್ನುತ್ತಿದ್ದ ಯಜಮಾನರು ಅಂದು ಮಗಳಿಗೆ ಬಾರದ್ದನ್ನೆಲ್ಲ ಒಂದೊಂದಾಗಿ ಬಾಯಿಬಿಟ್ಟು ಹೇಳಿದರು. ಶಾಲೆಯವರು ಕಾರ್ಡಿಲ್ಲದೆ ಅವಳನ್ನು ಮತ್ತೆ ಪರೀಕ್ಷಿಸಿ, ಮುಂದಿನ ಮೀಟಿಂಗಿನಲ್ಲಿ ಥೆರಪಿ ಮುಂದುವರಿಸಲು ಒಪ್ಪಿದರು.

ಪಾರ್ಕಿಂಗ್ ಲಾಟಿನಿಂದಲೇ ಯಜಮಾನರು ಮೈಸೂರಿಗೆ ಫೋನ್ ಮಾಡಿದರು. ಕಣ್ಣಲ್ಲಿ ನೀರು. "ಅಮ್ಮಾ, ಪುಟ್ಟಿ ಫೇಲು! ಫೇಲ್ ಅಂತ ಒಪ್ಕೊಂಡ್ರು!"

ಜೀವಮಾನವಿಡೀ ಮಕ್ಕಳನ್ನು ಪಾಸು ಮಾಡಿಸಿದ ಅತ್ತೆ ಆ ಕಡೆಯಿಂದ ಕೂಗಿದರು.

"ಸದ್ಯ ಕಣೋ! ಪಾಸಾಗ್ಲಿ ಅಂತ ಚಾಮುಂಡಿಗೆ ಒಂದು ಹರಕೆ ಹೊತ್ತಿದ್ದೆ, ಆಮೇಲೆ ಫೇಲಾಗ್ಲಿ ಅಂತ ಇನ್ನೊಂದು. ಪಾಪ, ಆ ತಾಯಿ ಎರಡನ್ನೂ ನಡೆಸಿಕೊಟ್ಟಳು."